ಹಳೆಯ ಕಾರು ರೇಡಿಯೊದ ನವೀಕರಣ: ಕರಕರ ಸದ್ದಿನ ಮೂಲ, ಪರಿಹಾರ

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ರೇಡಿಯೊವನ್ನು ಇಂದಿನ ಬಳಕೆಗೆ ಒಗ್ಗಿಸುವಾಗ ಎದುರಾಗುವ ದೊಡ್ಡ ತೊಡಕು ವಿದ್ಯುತ್ ಗದ್ದಲ. ಎಂಜಿನ್ ಚಾಲೂ ಆದೊಡನೆ ಸ್ಪೀಕರಿನಲ್ಲಿ ಏಳುವ ಕರಕರ, ಆಕ್ಸಿಲರೇಟರ್ ಒತ್ತಿದಂತೆ ಏರುವ ಸಿಳ್ಳೆ, ಇಂಡಿಕೇಟರ್ ಹಾಕಿದಾಗ ಟಕ್ಕೆನ್ನುವ ಪೆಟ್ಟು, ಮೊಬೈಲ್ ಚಾರ್ಜರ್ ಸಿಕ್ಕಿಸಿದ ಕೂಡಲೇ ನಿಲಯವನ್ನೇ ನುಂಗುವ ಗೊರಗೊರ, ಎಲ್ಲವೂ ಇದರ ರೂಪಗಳು. ಗ್ಯಾರೇಜುಗಳಲ್ಲಿ ಇದಕ್ಕೆಲ್ಲ ಒಟ್ಟಾಗಿ ‘ಡಿಸ್ಟರ್ಬೆನ್ಸ್’ ಎನ್ನುತ್ತಾರೆ. ರೇಡಿಯೊ ಕೆಟ್ಟಿದೆ ಎಂದು ಬಗೆದು ಸೆಟ್ಟನ್ನೇ ಬದಲಿಸುವವರು ಹೆಚ್ಚು. ಹೊಸ ಸೆಟ್ಟಿನಲ್ಲೂ ಅದೇ ಸದ್ದು ಬಂದಾಗ ಕೈಚೆಲ್ಲಿ ಕೂರುತ್ತಾರೆ. ಗದ್ದಲ ಹುಟ್ಟುವುದು ಬಹುಪಾಲು ಬಾನೆಟ್ಟಿನ ಕೆಳಗೆ. ಅದನ್ನು ಹುಟ್ಟಿದ ಜಾಗದಲ್ಲೇ ತಡೆದು, ಗಾಡಿಯ ಅರ್ತ್ ಸರಿಪಡಿಸಿ, ಆಮೇಲೆ ಸೆಟ್ಟಿಗೆ ಕೈಹಾಕುವುದು ಸರಿಯಾದ ಕ್ರಮ.

ಮೈಸೂರಿನಲ್ಲಿ ಈ ಕೆಲಸಕ್ಕೆ ಬೇರೆಲ್ಲೂ ಇಲ್ಲದ ಒಂದು ಒತ್ತಾಸೆಯಿದೆ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 1935ರ ಸೆಪ್ಟೆಂಬರ್ 10ರಂದು 30 ವ್ಯಾಟ್‌ನ ಪುಟ್ಟ ಪ್ರಸಾರ ಯಂತ್ರದಲ್ಲಿ ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿಕೊಂಡದ್ದು ಈ ಊರಿನಲ್ಲಿ. ಆದರೆ ಮೈಸೂರು ಆಕಾಶವಾಣಿ ಇಂದು ಕೇಳಿಸುವುದು 100.6 ಮೆಗಾಹರ್ಟ್ಸ್ ಎಫ್.ಎಂ.ನಲ್ಲಿ. 1960ರ ದಶಕದ ಕಾರು ರೇಡಿಯೊಗಳಲ್ಲಿ ಹೆಚ್ಚಿನವು ಮಧ್ಯಮ ತರಂಗ ಮಾತ್ರ ಹಿಡಿಯುವಂಥವು. ಅಂಥ ಸೆಟ್ಟು ಮೈಸೂರಿನಲ್ಲಿ ನಿಂತು ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಗೆ ಕಿವಿಗೊಡಬಲ್ಲದು, ತನ್ನೂರಿನ ನಿಲಯವನ್ನು ಮಾತ್ರ ಹಿಡಿಯಲಾರದು. ಆಕಾಶವಾಣಿಯ ತವರಿನಲ್ಲಿ ಹಳೆಯ ಕಾರಿನ ರೇಡಿಯೊ ಊರಿನ ದನಿಗೆ ಕಿವುಡಾಗಿ ಉಳಿಯಬಾರದು. ನವೀಕರಣದ ಅಗತ್ಯ ಇಲ್ಲಿ ಬರೀ ಶೋಕಿಯದಲ್ಲ.

ಮೈಸೂರಿನ ಅಗ್ರಹಾರ ಅರಮನೆಗೆ ದಕ್ಷಿಣದಲ್ಲಿರುವ ಹಳೆಯ ಬಡಾವಣೆ. ನೂರೊಂದು ಗಣಪತಿ ದೇವಸ್ಥಾನ, ವಾಣಿವಿಲಾಸ ಮಾರುಕಟ್ಟೆ, ರಾಮಾನುಜ ರಸ್ತೆ, ತ್ಯಾಗರಾಜ ರಸ್ತೆಗಳ ಈ ಭಾಗದಲ್ಲಿ ಮನೆ ಅಂಗಡಿಗಳು ಒತ್ತೊತ್ತಾಗಿವೆ. ತಲೆಯ ಮೇಲೆ ತಂತಿಗಳು, ಅಂಗಡಿಗಳಲ್ಲಿ ಎಲ್‌ಇಡಿ ದೀಪಗಳು, ಮನೆಗಳಲ್ಲಿ ಯುಪಿಎಸ್. ಇಂಥ ಬೀದಿಯಲ್ಲಿ ನಿಲ್ಲಿಸಿದ ಅಂಬಾಸಿಡರ್ ಅಥವಾ ಫಿಯೆಟ್‌ನ ರೇಡಿಯೊ ತನ್ನ ಗಾಡಿಯ ಗದ್ದಲದ ಜೊತೆಗೆ ಊರಿನ ಗದ್ದಲವನ್ನೂ ಕೇಳಿಸುತ್ತದೆ. ಎರಡನ್ನೂ ಬೇರ್ಪಡಿಸಿ ಗುರುತಿಸದೆ ರಿಪೇರಿಗೆ ಇಳಿದರೆ ದುಡ್ಡೂ ದಂಡ, ದಿನವೂ ದಂಡ.

ಕಿಡಿ ಎಂಬ ಪ್ರಸಾರ ಯಂತ್ರ

ಹೈನ್ರಿಕ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ರೇಡಿಯೊ ಅಲೆಗಳನ್ನು ತೋರಿಸಿಕೊಟ್ಟದ್ದು ಒಂದು ಇಂಡಕ್ಷನ್ ಕಾಯಿಲ್ ಮತ್ತು ಸಣ್ಣ ಸಂದಿಯಲ್ಲಿ ಹಾರುವ ಕಿಡಿಯಿಂದ. ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ನಡೆಸಿದ ಪ್ರಯೋಗಗಳಲ್ಲೂ ಅಲೆ ಹುಟ್ಟಿದ್ದು ಕಿಡಿಯಿಂದ. ಪೆಟ್ರೋಲ್ ಕಾರಿನ ಇಗ್ನಿಷನ್ ಕಾಯಿಲ್, ಪಾಯಿಂಟ್, ಪ್ಲಗ್ ಸೇರಿದ ವ್ಯವಸ್ಥೆ ಇದಕ್ಕಿಂತ ಬೇರೆಯಲ್ಲ. ಪಾಯಿಂಟ್ ಬಿಟ್ಟುಕೊಂಡ ಕ್ಷಣ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ನೂರಾರು ವೋಲ್ಟ್ ಏಳುತ್ತದೆ, ಹೊರಗೆ ಹೊರಡುವ ತಂತಿಯಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟ್. ಪ್ಲಗ್ಗಿನ ಸಂದಿಯಲ್ಲಿ ಗಾಳಿ ಸೀಳಿ ಕಿಡಿ ಹಾರುವುದಕ್ಕೆ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತು ಸಾಕು. ಇಷ್ಟು ಹಠಾತ್ತನೆ ಬದಲಾಗುವ ವಿದ್ಯುತ್ತು ಒಂದೇ ಆವರ್ತನದಲ್ಲಿ ನಿಲ್ಲದೆ ಮಧ್ಯಮ ತರಂಗದಿಂದ ಎಫ್.ಎಂ. ಪಟ್ಟಿಯನ್ನೂ ದಾಟಿ ಹರಡುತ್ತದೆ. ಪ್ಲಗ್ಗಿಗೆ ಹೋಗುವ ಒಂದೊಂದು ವೈರೂ ಅದಕ್ಕೆ ಆಂಟೆನಾ.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಹಾರುತ್ತದೆ. 750 ಸುತ್ತಿನ ಐಡಲಿಂಗ್‌ನಲ್ಲಿ 25. ನಿಂತ ಗಾಡಿಯಲ್ಲಿ ಬಿಡಿಬಿಡಿಯಾಗಿ ಕೇಳಿದ ಟಕಟಕ ಓಡುವ ಗಾಡಿಯಲ್ಲಿ ಒಂದೇ ಎಳೆಯ ಗರ್ರ್ ಆಗುವುದು ಇದರಿಂದ.

ಅಮೆರಿಕದ ಗ್ಯಾಲ್ವಿನ್ ಸಹೋದರರು 1930ರಲ್ಲಿ ‘ಮೋಟೊರೋಲಾ’ ಹೆಸರಿನ ಕಾರು ರೇಡಿಯೊವನ್ನು ಮಾರುಕಟ್ಟೆಗೆ ತಂದರು. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಸಂಸ್ಥೆ ಯೂರೋಪಿನ ಮೊದಲ ಕಾರು ರೇಡಿಯೊ ಹೊರತಂದಿತು. ಅಂದಿನ ಸೆಟ್ ಕೂರಿಸುವವರಿಗೆ ರೇಡಿಯೊ ಜೋಡಿಸುವುದಕ್ಕಿಂತ ಇಗ್ನಿಷನ್ ಸದ್ದು ಅಡಗಿಸುವುದೇ ದೊಡ್ಡ ಕೆಲಸವಾಗಿತ್ತು. ಕಾರಿನ ಕಿಡಿ ಪಕ್ಕದ ಮನೆಯ ರೇಡಿಯೊವನ್ನೂ ಕೆಡಿಸುತ್ತಿದ್ದುದರಿಂದ ಇದು ಸಾರ್ವಜನಿಕ ಸಮಸ್ಯೆಯೂ ಆಯಿತು. ರೇಡಿಯೊ ಅಡಚಣೆಯ ಮಿತಿಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಸಮಿತಿ ಸಿಸ್ಪರ್ 1934ರಲ್ಲಿ ಕೆಲಸ ಆರಂಭಿಸಿತು. ಬ್ರಿಟನ್ 1952ರಲ್ಲಿ ಇಗ್ನಿಷನ್ ಅಡಚಣೆಯನ್ನು ನಿಯಂತ್ರಿಸುವ ನಿಯಮಗಳನ್ನೇ ತಂದಿತು. ಸಿಸ್ಪರ್ 12 ಎಂಬ ಮಾನಕ ಗಾಡಿಯ ಹೊರಗಿನ ರೇಡಿಯೊಗಳನ್ನು ಕಾಯುತ್ತದೆ, ಸಿಸ್ಪರ್ 25 ಗಾಡಿಯೊಳಗಿನ ರೇಡಿಯೊವನ್ನು. ಹಳೆಯ ಕಾರಿನ ಮಾಲೀಕನಿಗೆ ಬೇಕಾದದ್ದು ಎರಡನೆಯದರ ವಿವೇಕ.

ಸದ್ದಿನ ಮೂಲಗಳು

ಕಿವಿಯೇ ಮೊದಲ ಉಪಕರಣ. ಎಂಜಿನ್ ವೇಗದ ಜೊತೆ ಲಯ ಬದಲಿಸುವ ಬಿಡಿಬಿಡಿ ಕರಕರ ಇಗ್ನಿಷನ್‌ನದು. ವೇಗ ಏರಿದಂತೆ ಸ್ಥಾಯಿ ಏರುವ ಸಿಳ್ಳೆ ಡೈನಮೊ ಅಥವಾ ಆಲ್ಟರ್ನೇಟರ್‌ನದು. ಡೈನಮೊದಲ್ಲಿ ಕಾರ್ಬನ್ ಬ್ರಷ್ಷು ಕಮ್ಯುಟೇಟರಿನ ಪಟ್ಟಿಯಿಂದ ಪಟ್ಟಿಗೆ ದಾಟುವಾಗ ಸಣ್ಣ ಸಣ್ಣ ಕಿಡಿ ಏಳುತ್ತದೆ. ಆಲ್ಟರ್ನೇಟರಿನಲ್ಲಿ ಕಿಡಿಗಿಂತ ಡಯೋಡುಗಳು ಬಿಟ್ಟುಹೋಗುವ ಏರಿಳಿತ ಮುಖ್ಯ. ಹನ್ನೆರಡು ಧ್ರುವದ ಸಾಮಾನ್ಯ ಆಲ್ಟರ್ನೇಟರ್ ಒಂದು ಸುತ್ತಿಗೆ 36 ಏರಿಳಿತ ಕೊಡುತ್ತದೆ. ಅದು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 1800. ಕಿವಿಗೆ ಚುಚ್ಚುವ ಸಿಳ್ಳೆಯ ಸ್ಥಾಯಿ ಅದು. ಒಂದು ಡಯೋಡ್ ಸುಟ್ಟಿದ್ದರೆ ಸಿಳ್ಳೆಯ ಜೊತೆ ಒರಟು ಗುಂಯ್‌ಗುಟ್ಟುವಿಕೆಯೂ ಸೇರುತ್ತದೆ. ಆಗ ಬೇಕಾದ್ದು ಡಯೋಡು, ಫಿಲ್ಟರಲ್ಲ.

ವೇಗಕ್ಕೆ ಸಂಬಂಧವಿಲ್ಲದೆ ಆಗೊಮ್ಮೆ ಈಗೊಮ್ಮೆ ಬರುವ ಚಟಪಟ ಹೆಚ್ಚಾಗಿ ಕಟೌಟ್ ಪೆಟ್ಟಿಗೆಯದು, ಎಂದರೆ ಡೈನಮೊದ ವೋಲ್ಟೇಜ್ ಕಾಯುವ ರೆಗ್ಯುಲೇಟರಿನದು. ಪೆಟ್ರೋಲ್ ಗೇಜಿಗೆ ವೋಲ್ಟೇಜ್ ಒದಗಿಸುವ ಬೈಮೆಟಲ್ ಸ್ಟೆಬಿಲೈಜರ್ ಕೆಲವು ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಸೆಕೆಂಡಿಗೊಮ್ಮೆ ಕ್ಲಿಕ್ ಅನ್ನಿಸುತ್ತದೆ. ವೈಪರ್ ಮೋಟರ್, ಹಾರ್ನ್, ವಿದ್ಯುತ್ ಪೆಟ್ರೋಲ್ ಪಂಪು ತಮ್ಮ ತಮ್ಮ ದನಿಯಲ್ಲಿ ಮಾತಾಡುತ್ತವೆ. ಒಣ ಹವೆಯಲ್ಲಿ ಗಾಡಿ ಓಡುವಾಗ ಮಾತ್ರ ಬಂದು, ಇಗ್ನಿಷನ್ ಆರಿಸಿ ಹಾಗೇ ಉರುಳಲು ಬಿಟ್ಟರೂ ನಿಲ್ಲದ ಸದ್ದು ಟೈರು ಮತ್ತು ಮುಂದಿನ ಚಕ್ರಗಳಲ್ಲಿ ಕೂಡುವ ಸ್ಥಿರವಿದ್ಯುತ್ತಿನದು.

ವಾಲ್ವ್ ಸೆಟ್ಟುಗಳಿಗೆ ತಮ್ಮದೇ ಒಳಗದ್ದಲವೂ ಇದೆ. ವಾಲ್ವಿಗೆ ಬೇಕಾದ ಇನ್ನೂರು ಚಿಲ್ಲರೆ ವೋಲ್ಟನ್ನು 6 ಅಥವಾ 12 ವೋಲ್ಟ್ ಬ್ಯಾಟರಿಯಿಂದ ಪಡೆಯಲು ಅವುಗಳಲ್ಲಿ ವೈಬ್ರೇಟರ್ ಎಂಬ ಡಬ್ಬಿ ಇರುತ್ತದೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರುವ ಲೋಹದ ನಾಲಿಗೆ ವಿದ್ಯುತ್ತನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಸೆಟ್ಟು ಹಾಕಿದಾಗ ಒಳಗಿಂದ ಕೇಳುವ ಜೇನಿನ ಗುಂಯ್ ಇದೇ. ಇದರ ಬೆನ್ನಿಗಿರುವ ಬಫರ್ ಕಂಡೆನ್ಸರ್ ಸೋತಿದ್ದರೆ ಗದ್ದಲ ಹೆಚ್ಚುವುದಷ್ಟೇ ಅಲ್ಲ, ಟ್ರಾನ್ಸ್‌ಫಾರ್ಮರೇ ಸುಡಬಹುದು. ಹಳೆಯ ಮೇಣದ ಕಾಗದದ ಕಂಡೆನ್ಸರುಗಳನ್ನು ಬದಲಿಸದೆ ಇಂಥ ಸೆಟ್ಟಿಗೆ ಬ್ಯಾಟರಿ ಕೊಡಲೇಬಾರದು.

ದಾರಿ ಹಿಡಿಯುವ ಪರೀಕ್ಷೆಗಳು

ಗದ್ದಲ ರೇಡಿಯೊದೊಳಗೆ ಬರಲು ದಾರಿಗಳು ಮೂರು: ಏರಿಯಲ್, ಬ್ಯಾಟರಿಯ ವೈರು, ಸ್ಪೀಕರ್ ಅಥವಾ ಆಡಿಯೊ ತಂತಿ. ಯಾವ ದಾರಿ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಎಂಜಿನ್ ಚಾಲೂ ಇಟ್ಟು, ನಿಲಯವಿಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಏರಿಯಲ್ ಪ್ಲಗ್ಗನ್ನು ಸೆಟ್ಟಿನ ಬೆನ್ನಿನಿಂದ ಕಿತ್ತುಬಿಡಬೇಕು. ಸದ್ದು ಸತ್ತರೆ ಅದು ಏರಿಯಲ್‌ನಿಂದ ಬರುತ್ತಿತ್ತು. ಉಳಿದರೆ ವೈರಿನಿಂದ. ವೈರಿನದೆಂದು ಅನುಮಾನ ಬಂದರೆ ರೇಡಿಯೊಗೆ ಬೇರೊಂದು ಬ್ಯಾಟರಿಯನ್ನು ಸೀಟಿನ ಮೇಲಿಟ್ಟು ನೇರವಾಗಿ ಜೋಡಿಸಬೇಕು. ಆಗ ಸದ್ದು ಹೋದರೆ ಬೇರೆ ಸಾಕ್ಷಿ ಬೇಡ. ಸಿಳ್ಳೆ ಡೈನಮೊದ್ದೋ ಅಲ್ಲವೋ ತಿಳಿಯಲು ಫ್ಯಾನ್ ಬೆಲ್ಟ್ ತೆಗೆದು ಒಂದೆರಡು ನಿಮಿಷ ಮಾತ್ರ ಎಂಜಿನ್ ಓಡಿಸುವುದೂ ಉಂಟು. ಅದಕ್ಕಿಂತ ಹೆಚ್ಚು ಹೊತ್ತು ಓಡಿಸಿದರೆ ನೀರು ಕುದಿಯುತ್ತದೆ.

ಜೇಬಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ಇಲ್ಲಿ ದುಬಾರಿ ಮೀಟರಿಗಿಂತ ಉಪಕಾರಿ. ಅದನ್ನು ಮಧ್ಯಮ ತರಂಗದಲ್ಲಿ ನಿಲಯವಿಲ್ಲದ ಕಡೆ ನಿಲ್ಲಿಸಿ, ಚಾಲೂ ಇರುವ ಎಂಜಿನ್ ಮೇಲೆ ನಿಧಾನವಾಗಿ ಆಡಿಸಬೇಕು. ಡಿಸ್ಟ್ರಿಬ್ಯೂಟರ್ ಟೋಪಿಯ ಮೇಲೆ ಕರಕರ ಜೋರು; ಕಾಯಿಲ್ ಕಡೆ ಸರಿದಂತೆ ಒರಟು. ಒಳಗಿನ ಫೆರೈಟ್ ಕಡ್ಡಿ ದಿಕ್ಕು ತಿಳಿಯುವುದರಿಂದ, ಸೆಟ್ಟನ್ನು ಅಡ್ಡ ತಿರುಗಿಸಿದಾಗ ಸದ್ದು ಒಂದು ಕಡೆ ಬತ್ತುತ್ತದೆ, ಇನ್ನೊಂದು ಕಡೆ ಉಕ್ಕುತ್ತದೆ. ಹೀಗೆ ಹುಡುಕುವಾಗ ಎಷ್ಟೋ ಸಲ ಬೆರಗಿನ ಸಂಗತಿ ಕಾಣುತ್ತದೆ: ಎಂಜಿನ್ನಿನಿಂದ ಮಾರು ದೂರದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಯಾವ ಕಿಡಿಯೂ ಇಲ್ಲದ ಜಾಗದಲ್ಲಿ ಸದ್ದು ಮತ್ತೆ ಜೋರಾಗುತ್ತದೆ. ಅಲ್ಲಿರುವುದು ಬಾನೆಟ್ಟಿನಿಂದ ಒಳಗೆ ಬಂದ ಒಂದು ಸಾಮಾನ್ಯ ವೈರು, ಅಥವಾ ಮೀಟರಿನ ಕೇಬಲ್, ಅಥವಾ ಬಾನೆಟ್ ತೆರೆಯುವ ಸರಿಗೆ. ಎಂಜಿನ್ ಬಳಿ ಹಿಡಿದ ಗದ್ದಲವನ್ನು ಅದು ರೇಡಿಯೊದ ಬೆನ್ನಿಗೇ ತಂದು ಸುರಿಯುತ್ತಿರುತ್ತದೆ.

ಕೊನೆಗೆ, ಇಗ್ನಿಷನ್ ಪೂರ್ತಿ ಆರಿಸಿ ಬರೀ ರೇಡಿಯೊ ಹಾಕಿದಾಗಲೂ ಗೊರಗೊರ ಉಳಿದರೆ ಅದು ಹೆಚ್ಚಾಗಿ ಕಾರಿನದಲ್ಲ. ಅಗ್ರಹಾರದಂಥ ಕಡೆ ಇದು ದಿನದ ಅನುಭವ. ಗಾಡಿಯನ್ನು ಬೀದಿಯಿಂದ ಹೊರಗೆ, ತಂತಿಗಳಿಲ್ಲದ ಬಯಲಿಗೆ ಒಯ್ದು ಕೇಳದೆ ತೀರ್ಮಾನ ಮಾಡಬಾರದು. ನಂಜನಗೂಡು ರಸ್ತೆಯಲ್ಲಿ ಊರು ದಾಟಿದ ಮೇಲೆ ಒಂದು ಮರದಡಿ ನಿಲ್ಲಿಸಿ ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿದರೆ, ಊರಿನ ಪಾಲೆಷ್ಟು ಗಾಡಿಯ ಪಾಲೆಷ್ಟು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ.

ಹುಟ್ಟಿದಲ್ಲೇ ತಡೆ

ಇಗ್ನಿಷನ್ ಗದ್ದಲಕ್ಕೆ ಮೊದಲ ಮದ್ದು ರೆಸಿಸ್ಟರ್ ಪ್ಲಗ್. ಇದರ ಒಳಗೆ ಸುಮಾರು 5 ಕಿಲೋ ಓಮ್ ತಡೆ ಇರುತ್ತದೆ. ಕಿಡಿಗೆ ಬೇಕಾದ ವೋಲ್ಟೇಜನ್ನು ಅದು ತಡೆಯುವುದಿಲ್ಲ, ಕಿಡಿ ಹಾರಿದ ಕ್ಷಣದ ಕರೆಂಟಿನ ಕುಪ್ಪಳಿಕೆಯನ್ನು ತಗ್ಗಿಸುತ್ತದೆ. ಪ್ಲಗ್ಗಿನ ಮೇಲಿನ ಅಕ್ಷರ ನೋಡಿದರೆ ಸಾಕು: ಬಾಷ್‌ನಲ್ಲಿ ‘ಡಬ್ಲ್ಯೂ7ಡಿಸಿ’ ಸಾದಾ, ‘ಡಬ್ಲ್ಯೂಆರ್7ಡಿಸಿ’ ರೆಸಿಸ್ಟರ್ ಇರುವಂಥದು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೊ ಸಂಸ್ಥೆಯ ಪ್ಲಗ್ಗುಗಳು ಕರ್ನಾಟಕದ ಮೆಕ್ಯಾನಿಕ್‌ಗಳ ಕೈಯಲ್ಲಿ ತಲೆಮಾರುಗಟ್ಟಲೆ ಓಡಾಡಿವೆ. ಹಳೆಯ ದಾಸ್ತಾನಿನ ಪ್ಲಗ್ ಕೊಳ್ಳುವಾಗ ಆ ಒಂದು ‘ಆರ್’ ಇದೆಯೇ ನೋಡಿಕೊಳ್ಳಬೇಕು. ಜೊತೆಗೆ, ತಾಮ್ರದ ಒಳತಂತಿಯ ಪ್ಲಗ್ ವೈರುಗಳ ಬದಲು ಕಾರ್ಬನ್ ಎಳೆಯ ವೈರುಗಳನ್ನು ಹಾಕಬಹುದು, ಅಥವಾ ಹಳೆಯ ವೈರನ್ನೇ ಇಟ್ಟು ಸಪ್ರೆಸರ್ ಟೋಪಿ ತೊಡಿಸಬಹುದು. ಮೂಲ ರೂಪ ಉಳಿಸಬೇಕೆನ್ನುವವರಿಗೆ ಎರಡನೆಯದು ಒಪ್ಪುತ್ತದೆ. ಪ್ಲಗ್, ಟೋಪಿ, ವೈರು, ರೋಟರ್ ಎಲ್ಲದರಲ್ಲೂ ತಡೆ ತುರುಕಿದರೆ ಚಳಿಯ ಬೆಳಗ್ಗೆ ಎಂಜಿನ್ ಎದ್ದೇಳಲು ಮೊಂಡಾಟ ಮಾಡುತ್ತದೆ. ಎರಡು ಕಡೆ ಸಾಕು.

ಕಾಯಿಲ್‌ಗೆ ಹಾಕುವ ಕಂಡೆನ್ಸರಿನಲ್ಲಿ ಆಗುವ ತಪ್ಪು ತೀರ ಸಾಮಾನ್ಯ. ಸುಮಾರು 1 ಮೈಕ್ರೋಫ್ಯಾರಡ್‌ನ ಸಪ್ರೆಸರ್ ಕಂಡೆನ್ಸರನ್ನು ಕೂರಿಸಬೇಕಾದದ್ದು ಇಗ್ನಿಷನ್ ಕೀಲಿಯಿಂದ ವಿದ್ಯುತ್ ಬರುವ ಬದಿಗೆ. ಲೂಕಾಸ್ ಕಾಯಿಲ್‌ಗಳಲ್ಲಿ ಅಲ್ಲಿ ‘ಎಸ್‌ಡಬ್ಲ್ಯೂ’ ಎಂದು ಬರೆದಿರುತ್ತದೆ. ‘ಸಿಬಿ’ ಎಂದಿರುವ ಇನ್ನೊಂದು ಬದಿ ಪಾಯಿಂಟಿನದು. ಅಲ್ಲಿ ಈಗಾಗಲೇ ಡಿಸ್ಟ್ರಿಬ್ಯೂಟರಿನೊಳಗೆ ಸುಮಾರು 0.2 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಇದೆ. ಅದರ ಮೇಲೆ ಇನ್ನೊಂದನ್ನು ಹೇರಿದರೆ ಕಿಡಿ ಸೊರಗುತ್ತದೆ, ಪಾಯಿಂಟ್ ಬೇಗ ಸವೆಯುತ್ತದೆ. ಡೈನಮೊಗೂ ಇದೇ ಎಚ್ಚರಿಕೆ: ಕಂಡೆನ್ಸರ್ ಕೂರಬೇಕಾದದ್ದು ದಪ್ಪ ವೈರಿನ ‘ಡಿ’ ತುದಿಗೆ. ‘ಎಫ್’ ಎಂಬ ಫೀಲ್ಡ್ ತುದಿಗೆ ಹಾಕಿದರೆ ಕಟೌಟಿನ ಕಾಂಟ್ಯಾಕ್ಟುಗಳು ಸುಡುತ್ತವೆ. ಆಲ್ಟರ್ನೇಟರಿಗೆ ಸಾಮಾನ್ಯವಾಗಿ 2.2 ಮೈಕ್ರೋಫ್ಯಾರಡ್‌ನದನ್ನು ಬ್ಯಾಟರಿ ತುದಿಗೆ ಹಾಕುತ್ತಾರೆ. ಎಲ್ಲ ಕಡೆ ಕಂಡೆನ್ಸರಿನ ಲೋಹದ ಕವಚ ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಕೂರಬೇಕು, ಅದರ ವೈರು ಗಿಡ್ಡವಿರಬೇಕು. ಒಂದು ಗೇಣು ಉದ್ದದ ವೈರು ಎಫ್.ಎಂ. ಆವರ್ತನದಲ್ಲಿ ಕಂಡೆನ್ಸರನ್ನೇ ಇಲ್ಲವಾಗಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಅರ್ತ್ ಕೆಟ್ಟಿದ್ದರೆ ಫಲವಿಲ್ಲ. ಅರವತ್ತು ವರ್ಷದ ಗಾಡಿಯಲ್ಲಿ ಅರ್ತ್ ಕೆಡದೆ ಇರುವುದು ಅಪರೂಪ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ. ಅದನ್ನು ಬಾಡಿಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿ ಹಸಿರು ಕಿಲುಬು ಹಿಡಿದಿರುತ್ತದೆ. ಬಾನೆಟ್ಟು ಎರಡು ಕೀಲುಗಳ ಮೇಲೆ ನಿಂತ ದೊಡ್ಡ ತಗಡು. ಕೀಲಿನಲ್ಲಿ ಬಣ್ಣ, ಗ್ರೀಸು, ತುಕ್ಕು ತುಂಬಿ ವಿದ್ಯುತ್ ಸಂಪರ್ಕ ಕಳೆದುಕೊಂಡರೆ ಎಂಜಿನ್ ಮೇಲಿನ ಮುಚ್ಚಳವಾಗುವ ಬದಲು ಅದೇ ಆಂಟೆನಾ ಆಗುತ್ತದೆ. ಬಾನೆಟ್ಟಿನ ಎರಡೂ ಮೂಲೆಯಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ, ಬೇಕಿದ್ದರೆ ಸೈಲೆನ್ಸರ್ ಕೊಳವೆಯಿಂದ ಬಾಡಿಗೆ ಅಗಲವಾದ ಹೆಣೆದ ಪಟ್ಟಿ ಹಾಕುವುದು ಅಗ್ಗದ ಕೆಲಸ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಗುಣ ಕೊಡುವ ಪರಿಹಾರ ಇನ್ನೊಂದಿಲ್ಲ.

ಏರಿಯಲ್‌ನ ಬುಡ ಎಲ್ಲಕ್ಕಿಂತ ಸೂಕ್ಷ್ಮ ಜಾಗ. ಏರಿಯಲ್ ಕೇಬಲ್‌ನ ಹೊರಜಾಲರಿ ಮಡ್‌ಗಾರ್ಡಿನ ಲೋಹಕ್ಕೆ ತಾಗಿರಲೇಬೇಕು. ತಾಗದಿದ್ದರೆ ಜಾಲರಿ ಕಾವಲು ಬಿಟ್ಟು, ಬಾನೆಟ್ಟಿನ ಕೆಳಗಿನ ಗದ್ದಲವನ್ನು ತಾನೇ ಹೊತ್ತು ತರುತ್ತದೆ. ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಗೆ ಕೈಯಿಟ್ಟು ನೋಡಿದರೆ ಮೊದಲು ಸಿಗುವುದು ಒಣಗಿದ ಕೆಸರಿನ ಹೆಕ್ಕಳಿಕೆ, ಅದರ ಕೆಳಗೆ ಟಾರಿನಂಥ ಕಪ್ಪು ಲೇಪ, ಅದನ್ನು ಚಾಕುವಿನಿಂದ ಎಬ್ಬಿಸಿದರೆ ಇಟ್ಟಿಗೆ ಪುಡಿಯಂಥ ತುಕ್ಕು. ಮರಳು ಕಾಗದದಲ್ಲಿ ತಿಕ್ಕುತ್ತ ಹೋದಂತೆ ಒಂದು ರೂಪಾಯಿ ನಾಣ್ಯದಗಲ ಬೆಳ್ಳಗೆ ಹೊಳೆಯುವ ಲೋಹ ಕಾಣುತ್ತದೆ. ಏರಿಯಲ್‌ನ ಹಲ್ಲುಳ್ಳ ವಾಶರ್ ಕಚ್ಚಿ ಕೂರಬೇಕಾದ್ದು ಅಲ್ಲಿ. ಬಿಗಿದ ಮೇಲೆ ಮಲ್ಟಿಮೀಟರಿನಲ್ಲಿ ಜಾಲರಿಗೂ ಬಾಡಿಗೂ ನಡುವೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಮೇಲೆ ಒಂದಿಷ್ಟು ಗ್ರೀಸು ಬಳಿದರೆ ಮಳೆಗಾಲ ದಾಟುತ್ತದೆ. ಕೇಬಲ್ ಹರಿದಿದ್ದರೆ ಟಿವಿ ಕೇಬಲ್ ಹಾಕಿ ಸುಧಾರಿಸುವ ರೂಢಿಯಿದೆ. ಅದು ಸಲ್ಲದು: ಕಾರು ಏರಿಯಲ್‌ನ ಕೇಬಲ್ ಒಳಗೆ ಬರೀ ಕೂದಲೆಳೆಯಂಥ ತಂತಿಯಿದ್ದು, ಕೆಪಾಸಿಟಿ ಕಡಿಮೆಯಿರುವಂತೆ ಮಾಡಿದ್ದು. ಬೇರೆ ಕೇಬಲ್ ಹಾಕಿದರೆ ಮಧ್ಯಮ ತರಂಗದ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ, ಸಿಗ್ನಲ್ ಬಡವಾದಷ್ಟೂ ಗದ್ದಲ ದೊಡ್ಡದಾಗುತ್ತದೆ.

ರೇಡಿಯೊದ ವಿದ್ಯುತ್ ವೈರಿನಲ್ಲಿ ಬರುವ ಸಿಳ್ಳೆಗೆ ಚೋಕ್ ಮತ್ತು ಕಂಡೆನ್ಸರಿನ ಫಿಲ್ಟರ್ ಬೇಕು. 1 ಮಿಲಿಹೆನ್ರಿ ಚೋಕು, 2200 ಮೈಕ್ರೋಫ್ಯಾರಡ್ ಕಂಡೆನ್ಸರ್ ಸೇರಿದರೆ ನೂರು ಹರ್ಟ್ಸ್‌ಗಿಂತ ಮೇಲಿನ ಏರಿಳಿತಗಳು ಕುಗ್ಗತೊಡಗುತ್ತವೆ. ಮೇಲೆ ಹೇಳಿದ 1800ರ ಸಿಳ್ಳೆ ಲೆಕ್ಕದಲ್ಲಿ ಇನ್ನೂರು ಪಾಲಿಗಿಂತ ಹೆಚ್ಚು ತಗ್ಗುತ್ತದೆ. ಚೋಕಿನ ತಂತಿ ಸೆಟ್ಟಿನ ಪೂರ್ತಿ ಕರೆಂಟನ್ನು ಹೊರುವಷ್ಟು ದಪ್ಪವಿರಬೇಕು. ದೊಡ್ಡ ಕಂಡೆನ್ಸರಿನ ಪಕ್ಕದಲ್ಲಿ 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಒಂದು ಇರಲಿ. ಕಿಡಿಯ ವೇಗದ ಗದ್ದಲಕ್ಕೆ ದೊಡ್ಡದು ಸ್ಪಂದಿಸುವುದಿಲ್ಲ.

ಹೊಸ ಉಪಕರಣದ ಹೊಸ ಗದ್ದಲ

ನವೀಕರಣಕ್ಕೆ ಹಲವು ದಾರಿಗಳಿವೆ. ಹಳೆಯ ಸರ್ಕ್ಯೂಟನ್ನು ಹಾಗೇ ಉಳಿಸಿ ವಾಲ್ಯೂಮ್ ಕಂಟ್ರೋಲಿನ ಬಳಿ ಬ್ಲೂಟೂತ್ ಅಥವಾ ಫೋನಿನ ಆಡಿಯೊ ಕೊಡುವುದು ಒಂದು. ಮುಖಫಲಕ, ತಿರುಪು, ಮುಳ್ಳು ಉಳಿಸಿ ಒಳಗೆ ಎಫ್.ಎಂ. ಇರುವ ಹೊಸ ಬೋರ್ಡು ಕೂರಿಸುವುದು ಇನ್ನೊಂದು. ಹಳೆಯದನ್ನು ಮುಟ್ಟದೆ ಗ್ಲೋವ್ ಬಾಕ್ಸಿನಲ್ಲಿ ಹೊಸ ಸೆಟ್ಟು ಅಡಗಿಸಿಡುವುದು ಮೂರನೆಯದು. ಸರ್ಕ್ಯೂಟ್ ಜೀವಂತವಾಗಿದ್ದರೆ ಮೊದಲನೆಯದೇ ಮೇಲು. ಬೆಂಗಳೂರಿನ ಬಿಇಎಲ್‌ 1960ರ ದಶಕದ ಆರಂಭದಲ್ಲಿ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿದ ಕಾಲದ ಕೆಲಸವನ್ನು ಕಿತ್ತು ಗುಜರಿಗೆ ಹಾಕಿದರೆ ಮತ್ತೆ ಸಿಗುವುದಿಲ್ಲ.

ಯಾವ ದಾರಿ ಹಿಡಿದರೂ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಪುಟ್ಟ ಕನ್ವರ್ಟರ್ ಒಳಗೆ ಬರುತ್ತದೆ, ಅದರ ಜೊತೆ ಅಜ್ಜನ ಕಾಲದಲ್ಲಿ ಇಲ್ಲದಿದ್ದ ಗದ್ದಲವೂ ಬರುತ್ತದೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಎಲ್‌ಎಂ2596 ಚಿಪ್ಪಿನ ಬೋರ್ಡು ಸೆಕೆಂಡಿಗೆ ಸುಮಾರು ಒಂದೂವರೆ ಲಕ್ಷ ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತದೆ, ಅಂದರೆ 150 ಕಿಲೋಹರ್ಟ್ಸ್. ಚಿಪ್ಪಿನಿಂದ ಚಿಪ್ಪಿಗೆ ಇದು ಸ್ವಲ್ಪ ಹೆಚ್ಚುಕಡಿಮೆ. ಇದರ ಮಡಿಗಳಲ್ಲಿ ಹಲವು ಮಧ್ಯಮ ತರಂಗದ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಆವರ್ತನ 153 ಆಗಿಬಿಟ್ಟರೆ ನಾಲ್ಕನೆಯ ಮಡಿ 612, ಐದನೆಯ ಮಡಿ 765. ಮೊದಲನೆಯದು ಬೆಂಗಳೂರು, ಎರಡನೆಯದು ಧಾರವಾಡ. ಕರ್ನಾಟಕದ ಮನೆಗಳು ಕಂಠಪಾಠ ಮಾಡಿಕೊಂಡಿದ್ದ ಎರಡು ಸಂಖ್ಯೆಗಳ ಮೇಲೂ ಒಂದೇ ಚಿಪ್ಪು ಗೊರಗೊರ ಸುರಿಯುತ್ತದೆ.

ಇದಕ್ಕೆ ಪರಿಹಾರ ಹಳೆಯ ಕಾಲದ್ದೇ. ಬ್ಲೂಟೂತ್ ಬೋರ್ಡಿಗೆ ಬೇಕಾದ ಕರೆಂಟು ಬಹಳ ಕಡಿಮೆ. 0.15 ಆಂಪಿಯರ್ ಎಂದಿಟ್ಟುಕೊಂಡರೆ, ಎಂಜಿನ್ ಓಡಿ ಬ್ಯಾಟರಿಯ ವೋಲ್ಟೇಜ್ 12ಕ್ಕಿಂತ ಏರಿದಾಗಲೂ 7805 ಎಂಬ ಸಾದಾ ರೆಗ್ಯುಲೇಟರಿನಲ್ಲಿ ವ್ಯರ್ಥವಾಗುವ ಶಾಖ ಒಂದೂಕಾಲು ವ್ಯಾಟಿನಷ್ಟು. ಸಣ್ಣ ತಗಡು ಸಾಕು, ಕಡಿತವೇ ಇಲ್ಲದ್ದರಿಂದ ಗದ್ದಲವೂ ಇಲ್ಲ. ಫೋನ್ ಚಾರ್ಜ್ ಮಾಡಲು 2 ಆಂಪಿಯರ್ ಬೇಕಾದಾಗ ಈ ಉಪಾಯ ನಡೆಯದು, ಹದಿನೇಳು ವ್ಯಾಟ್ ಶಾಖ ಏಳುತ್ತದೆ. ಆಗ ಕನ್ವರ್ಟರನ್ನು ಅರ್ತ್ ಮಾಡಿದ ತಗಡಿನ ಡಬ್ಬಿಯೊಳಗಿಟ್ಟು, ಒಳಬರುವ ಹೊರಹೋಗುವ ವೈರುಗಳನ್ನು ಫೆರೈಟ್ ಉಂಗುರದಲ್ಲಿ ಹಲವು ಸುತ್ತು ಸುತ್ತಬೇಕು. ಸುತ್ತು ಇಮ್ಮಡಿಯಾದರೆ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಒಂದೇ ಸಲ ತೂರಿಸಿದ ವೈರಿನಿಂದ ಮಧ್ಯಮ ತರಂಗದಲ್ಲಿ ಹೆಚ್ಚೇನೂ ಆಗದು. ಆಂಪ್ಲಿಫೈಯರಿಗೂ ಇದೇ ಮಾತು. ಇಂದಿನ ‘ಕ್ಲಾಸ್ ಡಿ’ ಬೋರ್ಡುಗಳು ಬಿಸಿಯಾಗುವುದಿಲ್ಲ, ಆದರೆ ಅವೂ ಕಡಿತದ ಯಂತ್ರಗಳು. ಟಿಡಿಎ2003ರಂಥ ಹಳೆಯ ಜಾತಿಯ ಚಿಪ್ಪು ಕಾರು ರೇಡಿಯೊಗೆಂದೇ ಹುಟ್ಟಿದ್ದು, ಮಧ್ಯಮ ತರಂಗದ ಪಕ್ಕದಲ್ಲಿ ಮೌನವಾಗಿರುತ್ತದೆ.

ಬ್ಲೂಟೂತ್ ಬೋರ್ಡು ಹಾಕಿದ ಮೇಲೆ ಹಾಡಿನ ಹಿಂದೆ ಕೀಟದಂಥ ಚಿರ್ರ್ ಕೇಳಿದರೆ ಕಾರಣ ಅರ್ತ್ ವರ್ತುಲ. ಬೋರ್ಡಿನ ಡಿಜಿಟಲ್ ಕರೆಂಟೂ ಆಡಿಯೊ ಸಿಗ್ನಲ್ಲೂ ಒಂದೇ ಅರ್ತ್ ತಂತಿಯಲ್ಲಿ ಮರಳುತ್ತಿರುತ್ತವೆ. ಆಡಿಯೊ ದಾರಿಯಲ್ಲಿ 600 ಓಮ್‌ನ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಎರಡೂ ಬೇರ್ಪಡುತ್ತವೆ. ಡಿಕ್ಕಿಯಲ್ಲಿ ಆಂಪ್ಲಿಫೈಯರ್, ಮುಂದೆ ಸೆಟ್ಟು ಇದ್ದಾಗಲೂ ಇದೇ ತೊಂದರೆ. ಎರಡರ ಅರ್ತ್ ಒಂದೇ ಜಾಗಕ್ಕೆ ಬರುವಂತೆ ನೋಡಿಕೊಳ್ಳಬೇಕು.

ಎಫ್.ಎಂ. ಸೇರಿಸಿದವರು ಏರಿಯಲ್‌ನ ಉದ್ದವನ್ನೂ ಲೆಕ್ಕ ಹಾಕಬೇಕು. 100.6 ಮೆಗಾಹರ್ಟ್ಸ್‌ಗೆ ಅಲೆಯ ಕಾಲುಭಾಗ ಎಂದರೆ ಸುಮಾರು 75 ಸೆಂಟಿಮೀಟರ್. ಮಧ್ಯಮ ತರಂಗಕ್ಕೆ ಪೂರ್ತಿ ಎಳೆದಿಟ್ಟ ಏರಿಯಲ್ಲನ್ನು ಎಫ್.ಎಂ.ಗೆ ಅಷ್ಟಕ್ಕೆ ಇಳಿಸಿದರೆ ಸ್ವಾಗತ ಹೆಚ್ಚಾಗಿ ಚೆನ್ನಾಗುತ್ತದೆ.

ಪಾಸಿಟಿವ್ ಅರ್ತ್

1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಇಂದಿನ ಎಲ್ಲ ಸೆಟ್ಟುಗಳ ಲೋಹದ ಕವಚ ನೆಗೆಟಿವ್. ಅರಿಯದೆ ಕೂರಿಸಿದರೆ ಸದ್ದಲ್ಲ, ಹೊಗೆ ಬರುತ್ತದೆ. ಏರಿಯಲ್‌ನ ಜಾಲರಿಯೂ ಬಾಡಿಗೆ ತಾಗುವುದರಿಂದ ಸೆಟ್ಟನ್ನು ರಬ್ಬರಿನಲ್ಲಿ ಸುತ್ತಿಟ್ಟರೂ ಸಾಲದು. ಕೀಲಿ ಹಾಕುವ ಮುನ್ನ ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಬೇಕು. ಹಿಂದಿನ ಮಾಲೀಕರು ಬದಲಿಸಿರಬಹುದಾದ್ದರಿಂದ ಕಂಪನಿಯ ಪುಸ್ತಕವನ್ನು ನೆಚ್ಚಬಾರದು. ಇಡೀ ಗಾಡಿಯನ್ನು ನೆಗೆಟಿವ್ ಅರ್ತ್‌ಗೆ ತಿರುಗಿಸುವವರು ಡೈನಮೊದ ಫೀಲ್ಡಿಗೆ ಕ್ಷಣಕಾಲ ಬ್ಯಾಟರಿ ಮುಟ್ಟಿಸಿ ಅದರ ಕಾಂತಧ್ರುವ ಬದಲಿಸಬೇಕು, ಅಮ್ಮೀಟರಿನ ವೈರುಗಳನ್ನು ಅದಲುಬದಲು ಮಾಡಬೇಕು, ಕಾಯಿಲ್‌ನ ಎರಡು ವೈರುಗಳನ್ನೂ. ಕೊನೆಯದನ್ನು ಮರೆತರೂ ಗಾಡಿ ಓಡುತ್ತದೆ, ಆದರೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗಿ ಗದ್ದಲವೂ ಹೆಚ್ಚುತ್ತದೆ.

ಮೂಲ ರೂಪ ಮತ್ತು ಕೊನೆಯ ಹೊಂದಾಣಿಕೆ

2021ರ ಜುಲೈನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್. ಅವುಗಳ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ರೇಡಿಯೊ ಆ ಪಟ್ಟಿಯಲ್ಲಿಲ್ಲ. ಆದರೂ ಡ್ಯಾಶ್‌ಬೋರ್ಡನ್ನು ಕೊರೆದು ಹೊಸ ಸೆಟ್ಟಿಗೆ ಅಗಲ ಮಾಡುವುದು ಅನ್ಯಾಯ. ಹಾಗೆ ಹರಿದ ತಗಡು ಮತ್ತೆ ಕೂಡುವುದಿಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಿಟಕಿಯಿಂದ ಬಗ್ಗಿ ನೋಡಿದವರಿಗೆ ಗೊತ್ತು, ಕಣ್ಣು ಮೊದಲು ಹೋಗುವುದು ಡ್ಯಾಶ್‌ಬೋರ್ಡಿಗೆ. ಕಿತ್ತ ವೈಬ್ರೇಟರ್, ಕಂಡೆನ್ಸರ್, ತಿರುಪುಗಳನ್ನು ಚೀಟಿ ಅಂಟಿಸಿ ಒಂದು ಡಬ್ಬಿಯಲ್ಲಿ ಗಾಡಿಯ ಜೊತೆಗೇ ಇಡಬೇಕು. ಹಾಕಿದ್ದೆಲ್ಲವೂ ಒಂದು ಸ್ಕ್ರೂ ಡ್ರೈವರಿನಲ್ಲಿ ಮರಳಿ ಬಿಚ್ಚುವಂತಿರಬೇಕು.

ಎಲ್ಲ ಮುಗಿದ ಮೇಲೆ ಉಳಿಯುವ ಕೆಲಸ ಒಂದು ಪುಟ್ಟ ಸ್ಕ್ರೂವಿನದು. ಹೆಚ್ಚಿನ ಹಳೆಯ ಸೆಟ್ಟುಗಳಲ್ಲಿ ಏರಿಯಲ್ ಸಿಕ್ಕಿಸುವ ತೂತಿನ ಪಕ್ಕ ಟ್ರಿಮ್ಮರ್ ಇರುತ್ತದೆ. ಏರಿಯಲ್ ಪೂರ್ತಿ ಎಳೆದು, ಮುಳ್ಳನ್ನು 1400 ಕಿಲೋಹರ್ಟ್ಸ್ ಆಸುಪಾಸಿನ ಮಂದವಾದ ನಿಲಯವೊಂದರ ಮೇಲೆ ನಿಲ್ಲಿಸಿ, ದನಿ ಅತಿ ಜೋರಾಗುವವರೆಗೆ ಅದನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಕತ್ತಲಾದ ಮೇಲೆ ಇದು ಸುಲಭ. ಮಧ್ಯಮ ತರಂಗದ ದೂರದ ನಿಲಯಗಳು ಆಗ ತಾವಾಗಿ ತೇಲಿ ಬರುತ್ತವೆ. ಎಂಜಿನ್ ಚಾಲೂ ಇದ್ದಾಗಲೂ ಆ ಮಂದ ದನಿ ಹಾಗೇ ನಿಂತರೆ ಗಾಡಿಯ ಪಾಲಿನ ಕೆಲಸ ಆಗಿದೆ. ಮತ್ತೆ ರಾಮಾನುಜ ರಸ್ತೆಗೆ ತಿರುಗಿದಾಗ ಏಳುವ ಗೊರಗೊರ ಬೀದಿದೀಪದ್ದು, ತಂತಿಯದ್ದು.